ಮಲ್ಲಿಗೆ ಗಾಡಿಯವನೂ ನಾನೂ ಬ್ಯಾಂಕಾಕಿಗೆ ಹೋದದ್ದು

ನಾವಿಬ್ಬರು ಎಲ್ಲಿಗೆ ಹೊರಟರೂ ಏನಾದರೊಂದು ಆಗದೆ ಇರುವುದಿಲ್ಲ. ನಾನು ಕೊಟ್ಟೂರಿನಲ್ಲಿ ದರ್ಜಿ. ಅವನು ಹಡಗಲಿ ಹತ್ತಿರದ ಮಾಗಳದವನು, ಗೂಡ್ಸ್ ಗಾಡಿಯಲ್ಲಿ ಮಲ್ಲಿಗೆ ಸಾಗಿಸುತ್ತಾನೆ. ಒಂಬತ್ತು ವರ್ಷದಿಂದ ಒಬ್ಬರಿಗೊಬ್ಬರು ಮನಸ್ಸು ಕೊಟ್ಟವರು ನಾವು. ಊರಿನ ಲೆಕ್ಕಕ್ಕೆ ಮಾತ್ರ ದೋಸ್ತರು. ಸಂತೆಯಲ್ಲಿ ಕೈ ಕೈ ಹಿಡಿದು ತಿರುಗಿದರೂ ಒಬ್ಬರೂ ಹೊರಳಿ ನೋಡಿದ್ದಿಲ್ಲ.

೧. ಮಂಚ

ಒಮ್ಮೆ ಹರಪನಹಳ್ಳಿಯಲ್ಲಿ ಲಾಡ್ಜಿಗೆ ಹೋದಾಗ ಅಲ್ಲಿಯವನು, "ಇಬ್ರೂ ಗಂಡಸ್ರದೀರಿ, ಒಂದ ಮಂಚ ಸಾಕಲ್ರಿ" ಎಂದು ತಾನೇ ಕೀಲಿ ಕೊಟ್ಟಿದ್ದ.

ಈ ಸಲ ಬ್ಯಾಂಕಾಕಿನ ಲಾಡ್ಜಿನಲ್ಲಿ ಕೌಂಟರಿನ ಹೆಣ್ಣುಮಗಳು ಮೊಬೈಲಿನಲ್ಲಿ ಏನೋ ಹೇಳಿದಳು. ಮೊಬೈಲು ಅದನ್ನು ಕನ್ನಡ ಮಾಡಿ, "ಮಾನ್ಯರೇ, ತಾವು ದಂಪತಿಗಳೇ? ಒಂದು ಮಂಚವೋ, ಎರಡೋ?" ಎಂದಿತು.

ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ನಾನು ಗಾಬರಿಯಲ್ಲಿ "ಎರಡು" ಅಂದುಬಿಟ್ಟೆ.

ರೂಮಿನಲ್ಲಿ ಅವನು ಆ ಕಡೆ ಮುಖ ಮಾಡಿ ಮಲಗಿದ. "ಹರಪನಹಳ್ಳ್ಯಾಗ ಕೇಳದನ ಕೊಟ್ರು. ಇಲ್ಲಿ ಮರ್ಯಾದಿಯಿಂದ ಕೇಳಿದ್ರ ನೀನ ಬ್ಯಾಡಂದಿ ನೋಡ್ಲೇ."

೨. ಅತ್ತೆ

ಬೆಳಿಗ್ಗೆ ಅವನೇ ಕೌಂಟರಿಗೆ ಹೋಗಿ ಒಂದು ಬೆರಳು ಎತ್ತಿ ತೋರಿಸಿದ. ಆಕೆ ನಕ್ಕು, ರೂಮು ಬದಲಿಸಿ, ಇಬ್ಬರ ಕೊರಳಿಗೂ ಮಲ್ಲಿಗೆ ಹಾರ ಹಾಕಿ ಫೋಟೊ ತೆಗೆದಳು. ಅವನು ಹಾರ ಮೂಸಿ, "ಹಡಗಲಿ ಮಲ್ಲಿಗಿ ವಾಸ್ನಿ ಇಲ್ಲ ಬಿಡು" ಅಂದ.

ಆಕೆ ತನ್ನ ಹೆಂಡತಿಯ ಫೋಟೊ ತೋರಿಸಿದಳು. ಅವರದು ಕಾಯ್ದೆ ಪ್ರಕಾರ ರಿಜಿಸ್ಟರ್ ಆದ ಮದುವೆಯಂತೆ. ನಾವು ಬಹಳ ಹೊತ್ತು ಆ ಫೋಟೊ ನೋಡಿದೆವು.

"ಮನ್ಯಾಗ ಯಾರೂ ಏನೂ ಅನ್ನಲಿಲ್ಲೇನ್ರಿ?" ಅವನು ಕೇಳಿದ.

ಮೊಬೈಲು ಉತ್ತರ ಹೇಳಿತು: "ಮದುವೆಗೆ ಯಾರ ವಿರೋಧವೂ ಇರಲಿಲ್ಲ. ನನ್ನ ಅಡುಗೆ ಮಾತ್ರ ಅತ್ತೆಗೆ ಹಿಡಿಸುವುದಿಲ್ಲ."

೩. ಗಾಡಿ

ಅವನು ಖುಷಿಯಲ್ಲಿ ಆ ಹಾರದ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ. ಹಡಗಲಿಯಿಂದ ಕೂಡ್ಲಿಗಿ ತನಕ ಎಲ್ಲರೂ ನೋಡಿದರು. "ದೋಸ್ತಿ ಅಂದ್ರ ಇದು" ಎಂದು ಬರೆದರು. ನೋಡಿದವರ ಪಟ್ಟಿಯಲ್ಲಿ ನನ್ನ ಅವ್ವನ ಹೆಸರೂ ಇತ್ತು. ವಾಪಸು ಬರುವಾಗ ವಿಮಾನದಲ್ಲಿ ಕೊಟ್ಟ ಊಟವನ್ನು ನಾನು ಅವನಿಗೇ ಕೊಟ್ಟುಬಿಟ್ಟೆ.

ಮನೆಗೆ ಬಂದರೆ ಪಕ್ಕದ ಮನೆಯ ಚಿಗವ್ವ ನನಗೆ ನೀಲಗುಂದದ ಒಂದು ಸಂಬಂಧ ತಂದು ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ.

ಅವ್ವ ಚಹಾ ಸೋಸುತ್ತ ಹೇಳಿದಳು: "ನನ್ನ ಮಗಂದು ಆಗ್ಲೇ ಗಟ್ಟಿ ಆಗೇತಿ. ಹಡಗಲಿ ಕಡೇದು."

"ಹೌದಾ? ಹುಡುಗಿ ಏನ್ ಮಾಡ್ತಾಳ?" ಅಂದಳು ಚಿಗವ್ವ.

"ಹುಡುಗಿ ಅಲ್ಲವಾ. ಮಲ್ಲಿಗಿ ಗಾಡಿ ಓಡಿಸ್ತಾನಲ್ಲ, ಅವನ. ಒಂಬತ್ತು ವರ್ಷಾತು. ಇವ್ರು ಹೇಳ್ತಾರಂತ ನಾನೂ ಕಾದೆ."

ಚಿಗವ್ವ ಕಪ್ಪು ಕೆಳಗಿಟ್ಟಳು. ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು, ತುಸು ಯೋಚನೆ ಮಾಡಿದಳು.

"ಗಾಡಿ ಸ್ವಂತದ್ದೋ," ಕೇಳಿದಳು, "ಬಾಡಿಗಿದೋ?"