ಚೆಂಡಿಗೆ ಮೂರೇ ಪೊಟ್ಯಾಸಿಯಂ

ಹೆಂಡತಿ: ಗೆರೆ ಇಷ್ಟು ಎಡಕ್ಕೆ ಸರಿದಿದೆ ಅಂದ್ರೆ ಒಂದೇ ಅರ್ಥ. ಪೊಟ್ಯಾಸಿಯಂ ಜಾಸ್ತಿ ಹಾಕಿದ್ದೀಯ.

ಗಂಡ: ತೂಕ ಮಾಡಿಯೇ ಹಾಕಿದ್ದು. ಚೆಂಡೊಂದಕ್ಕೆ ಮೂರು. ನಿನ್ನ ಲೇಸರಿಗೇ ತಲೆ ಕೆಟ್ಟಿರಬೇಕು.

ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಇಬ್ಬರೂ ಒಂದೇ ತೆರೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಫುಲರೀನ್ ಎಂಬ ಇಂಗಾಲದ ಪುಟಾಣಿ ಚೆಂಡುಗಳಿಗೆ ಪೊಟ್ಯಾಸಿಯಂ ಬೆರೆಸುವುದು ಅವನ ಕೆಲಸ, ಬೆರೆತದ್ದರ ಮೇಲೆ ಲೇಸರ್ ಹಾಯಿಸಿ ನೋಡುವುದು ಅವಳದು. ಪೊಟ್ಯಾಸಿಯಂ ಕೊಟ್ಟ ಎಲೆಕ್ಟ್ರಾನುಗಳು ಒಳಹೊಕ್ಕಷ್ಟೂ ಚೆಂಡಿನ ಕಂಪನ ನಿಧಾನವಾಗುತ್ತದೆ. ವಾಪಸು ಬಂದ ಬೆಳಕು ತೆರೆಯ ಮೇಲಿನ ಗೆರೆಯನ್ನು ಎಡಕ್ಕೆ ಸರಿಸಿ ಆ ಚಾಡಿ ಹೇಳಿಬಿಡುತ್ತದೆ. ಚೆಂಡಿಗೆ ಮೂರು ಪರಮಾಣು ಹಾಕಿದರೆ ಈ ಚೆಂಡುಗಳ ಪುಡಿಯಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದೆ, ಆರಾದರೆ ನಿಂತೇ ಹೋಗುತ್ತದೆ. ಇವರ ಜಗಳದಲ್ಲಿ ಈ ಸಲದ ಪುಡಿಯೂ ಕೆಟ್ಟರೆ ಇಬ್ಬರನ್ನೂ ಬೇರೆ ಬೇರೆ ಮಹಡಿಗೆ ಹಾಕುತ್ತೇನೆಂದು ಮುಖ್ಯಸ್ಥರು ಗದರಿದ್ದರು. ಗಂಡನಿಗೆ ಅದೇ ಚಿಂತೆ. ಮೇಲಿನ ಮಹಡಿಯಲ್ಲಿ ಅವನು ಯಾರ ಜೊತೆ ಜಗಳವಾಡಬೇಕು?

ಹೆಂಡತಿ: ನಿನ್ನ ಕೈ ನಂಗೊತ್ತಿಲ್ವಾ? ಇನ್ನೊಂಚೂರು ಇರಲಿ ಅನ್ನೋ ಕೈ.

ಗಂಡ: ಮೂರಂದ್ರೆ ಮೂರೇ. ಕೊಳವೆಯ ತಳದಲ್ಲಿಟ್ಟು, ಮೇಲೆ ಪುಡಿ ಸುರಿದು, ಟೀ ಕುಡಿಯೋಕೆ ಹೋದೆ.

ಹೆಂಡತಿ: ತಳದಲ್ಲಾ?

ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. ಗಂಡನಿಗೆ ಅನುಮಾನ ಬಂತು. ಈ ದನಿ ಅವನು ಅಪರೂಪಕ್ಕೆ ಕೇಳಿದ್ದು.

ಗಂಡ: ಯಾಕೆ?

ಹೆಂಡತಿ: ಮೇಲಿಂದ ಬರೀ ಪುಡಿ ಕಾಣಿಸ್ತು. ಎಂದಿನ ಹಾಗೆ ನೀನು ಮರೆತಿರ್ತೀಯ ಅಂತ...

ಗಂಡ: ಅಂತ?

ಹೆಂಡತಿ: ನಾನೂ ಮೂರು ಹಾಕಿ ಮುಚ್ಚಿಟ್ಟೆ.

ಗೆದ್ದವನು ಬೀಗಬೇಕಿತ್ತು. ಅವನಿಗೆ ನಗು ಉಕ್ಕಿತು. ಅವಳಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು. ಅಷ್ಟರಲ್ಲಿ ಮುಖ್ಯಸ್ಥರು ಬಾಗಿಲು ತೆರೆದು, ಪುಡಿ ಏನಾಯಿತೆಂದು ಕೇಳಿದರು.

ಹೆಂಡತಿ: ಎರಡರಷ್ಟು ಸಿಗುತ್ತೆ ಸರ್. ಇದರಲ್ಲಿ ಎಷ್ಟು ಚೆಂಡಿದೆಯೋ ಅಷ್ಟೇ ಬರೀ ಚೆಂಡು ಸೇರಿಸಿ ಕಾಯಿಸಿದ್ರೆ, ಆರು ಪೊಟ್ಯಾಸಿಯಂ ಮೂರು ಮೂರಾಗಿ ಹಂಚಿಹೋಗುತ್ತೆ.

ಮುಖ್ಯಸ್ಥರು ಇಬ್ಬರನ್ನೂ ಒಮ್ಮೆ ನೋಡಿದರು. ಮಹಡಿಯ ಮಾತು ಸದ್ಯಕ್ಕೆ ಬೇಡ, ಆದರೆ ಇನ್ನು ಮುಂದೆ ಏನು ಹಾಕುವುದಿದ್ದರೂ ಇಬ್ಬರೂ ಒಟ್ಟಿಗೇ ಹಾಕಬೇಕು ಎಂದು ಅಪ್ಪಣೆ ಮಾಡಿ ಹೋದರು.

ಪೊಟ್ಯಾಸಿಯಂ ಬೆರೆಸುವ, ಗಾಳಿ ಸೋಕದ ಗಾಜಿನ ಪೆಟ್ಟಿಗೆಗೆ ಇರುವುದು ಎರಡೇ ಕೈಗವಸು. ಒಂದರಲ್ಲಿ ಅವನ ಬಲಗೈ, ಇನ್ನೊಂದರಲ್ಲಿ ಅವಳ ಎಡಗೈ. ಕೆನ್ನೆಗೆ ಕೆನ್ನೆ ತಾಗುತ್ತಿತ್ತು.

ಗಂಡ: ಮದುವೆ ಫೋಟೋದಲ್ಲೂ ನೀನು ಇಷ್ಟು ಹತ್ತಿರ ನಿಂತಿರಲಿಲ್ಲ.

ಹೆಂಡತಿ: ನಿನ್ನ ಮೇಲೆ ಇಷ್ಟೊಂದು ಕಣ್ಣಿಡಬೇಕು ಅಂತ ಆಗ ಗೊತ್ತಿರಲಿಲ್ಲ.