ಮಾವನ ಕೈಯಲ್ಲಿದ್ದ ಸೈಕಲ್ ಬೆಲ್

ನನ್ನ ಸೋದರಮಾವನಷ್ಟು ಕಟ್ಟುನಿಟ್ಟಾಗಿ ಸಂಚಾರ ನಿಯಮ ಪಾಲಿಸುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ಒಂದೇ ತೊಂದರೆ, ಅವರು ಓಡಾಡುತ್ತಿದ್ದದ್ದು ನಡೆದುಕೊಂಡು!

ನಮ್ಮೂರಿಗೆ ಮೊಬೈಲ್ ಟವರ್ ಬಂದ ವರ್ಷವೇ ಜಯಪುರದ ರಸ್ತೆಗೆ ಹೊಸ ಡಾಂಬರು ಬಂತು. ಜೊತೆಗೆ ತಿರುವು ತಿರುವಿಗೂ 'ಹಾರ್ನ್ ಮಾಡಿ' ಎಂಬ ಬೋರ್ಡು. ಮಾವ ಅದನ್ನು ಎರಡು ಸಲ ಓದಿದರು. ಮನೆಗೆ ಬಂದವರೇ ಹತ್ತದೆ ಮೂಲೆಗಿಟ್ಟಿದ್ದ ತಮ್ಮ ಸೈಕಲ್ಲಿನ ಬೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಅಂದಿನಿಂದ ಪ್ರತಿ ಬೋರ್ಡಿನ ಬುಡದಲ್ಲೂ ನಿಂತು ಟ್ರಿಣ್ ಟ್ರಿಣ್!

"ಮಾವ, ಅದು ಗಾಡಿಯವರಿಗೆ" ಎಂದೆ.

"ಹಾಗಂತ ಎಲ್ಲಿ ಬರ್ದಿದೆ, ತೋರ್ಸು ನೋಡಾಣ. ಜೀಪಿಗೆ ಜೀಪು ಗುದ್ದಿದ್ರೆ ತಗಡು ಹೋಗ್ತದೆ. ನಂಗೆ ಗುದ್ದಿದ್ರೆ ಎಂತ ಹೋಗೋದು ಮಾರಾಯ?"

ಹೋಗಿ ಓದಿದೆ. ನಿಜಕ್ಕೂ ಬರೆದಿರಲಿಲ್ಲ! ತಲೆ ಕೆಟ್ಟಿದ್ದು ಮಾವನಿಗೋ, ಬೋರ್ಡು ಬರೆದವನಿಗೋ, ನನಗೋ?

ಒಮ್ಮೆ ನಾನಿದ್ದ ಬಸ್ಸಿನ ಡ್ರೈವರ್ ಬೆಲ್ ಕೇಳಿ ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದ. ಎದುರಿಗೆ ಪಂಚೆ ಎತ್ತಿ ಕಟ್ಟಿದ ಮಾವ ಒಬ್ಬರೇ.

"ಸೈಕಲ್ ಎಲ್ಲಿ ಮಾರಾಯ್ರೇ?"

"ಮನೇಲಿದೆ."

"ಮತ್ತೆ ಬೆಲ್ ಎಂತಕ್ಕೆ?"

"ನಾನು ಇಲ್ಲಿದ್ದೀನಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ನಗಬೇಕೋ, ಇವರು ನನ್ನ ಮಾವ ಎನ್ನಬೇಕೋ ಗೊತ್ತಾಗದೆ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಆ ದಿನದ ನೆನಪಿಗೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಬಸ್ ತಪ್ಪಿತೆಂದು ಮಾವನ ಆ ಬೆಲ್ಲಿಲ್ಲದ ಸೈಕಲ್ ಹತ್ತಿ ಜಯಪುರಕ್ಕೆ ಹೊರಟೆ.

"ತಡಿ, ಬೆಲ್ ಹಾಕ್ಕೊಡ್ತೀನಿ" ಎಂದರು ಮಾವ.

"ಬಾಯಿ ಇದೆಯಲ್ಲ ಮಾವ, ಕೂಗ್ತೀನಿ!"

ಮೂರನೆಯ ತಿರುವಿನಲ್ಲಿ ಜೀಪೊಂದು ಹಾರ್ನ್ ಇಲ್ಲದೆ ಬಂತು. ನಾನು ಬಾಯಿ ತೆರೆದದ್ದು ನಿಜ. ಕೂಗು ಹೊರಡುವ ಮೊದಲೇ ಚರಂಡಿಯಲ್ಲಿದ್ದೆ, ಬಲಗಾಲು ಮುರಿದಿತ್ತು. ಬಿದ್ದದ್ದು ಬೋರ್ಡಿನ ಬುಡದಲ್ಲೇ!

ಕೊಪ್ಪದ ಆಸ್ಪತ್ರೆಯಲ್ಲಿ ಮಾವ ಹಾಸಿಗೆಯ ಪಕ್ಕ ಕುಳಿತಿದ್ದರು. ನೋಡಿದ್ಯಾ ಎಂದು ಹಂಗಿಸುತ್ತಾರೆಂದು ಕಾದೆ. ಅವರು, "ತಪ್ಪು ನಂದು. ನೀ ಬ್ಯಾಡ ಅಂದ್ರೂ ಹಾಕ್ಬೇಕಿತ್ತು" ಎಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಊರುಗೋಲು ಹಿಡಿದು ಮೊದಲ ಸಲ ರಸ್ತೆಗಿಳಿಯುವ ದಿನ ಮಾವ ಬಾಗಿಲಲ್ಲಿ ತಡೆದರು. ಸ್ಕ್ರೂಡ್ರೈವರ್ ತಂದು, ತಮ್ಮ ಬೆಲ್ಲನ್ನು ಊರುಗೋಲಿನ ಹಿಡಿಗೆ ಗಟ್ಟಿಯಾಗಿ ಬಿಗಿದರು.

"ನಿಮಗೆ ಬೇಡ್ವಾ ಮಾವ?"

"ನಂಗೆಂತಕ್ಕೆ? ನೀ ಚರಂಡಿ ಬದಿಗೆ ನಡಿ. ಗಾಡಿ ಬರೋ ಬದಿಗೆ ನಾನಿರ್ತೀನಿ."

ಮೊದಲ ತಿರುವು ಬಂತು. ಹಾದಿಯಲ್ಲಿ ಜನರಿದ್ದರು, ನೋಡುತ್ತಲೂ ಇದ್ದರು. ನಾನು ಬೆಲ್ ಹೊಡೆದೆ. ಕಣ್ಣು ತುಂಬಿ ಬೋರ್ಡು ಕಾಣಿಸಲಿಲ್ಲ.

"ಇನ್ನೊಂದ್ಸಲ ಹೊಡಿ" ಎಂದರು ಮಾವ.