ಹನ್ನೆರಡು ಕೆಯಾಕಿ ಮರಗಳು

ಜಪಾನಿನ ತ್ಸುಕುಬಾದ ಆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ವೇದವಲ್ಲಿಯ ಕೋಪ ಬೆಳಗ್ಗೆ ಆರಕ್ಕೇ ಎದ್ದು ಕೂತಿತ್ತು. ಕಾರಣ ಒಂದು ಗುಲಾಬಿ ರಿಬ್ಬನ್ನು. ಅವಳ ಬಾಲ್ಕನಿಗೂ ಗಾಲ್ಫ್ ಮೈದಾನಕ್ಕೂ ನಡುವೆ ಹನ್ನೆರಡು ಕೆಯಾಕಿ ಮರಗಳು ಒತ್ತೊತ್ತಾಗಿ ನಿಂತಿದ್ದವು. ನಟ್ಟನಡುವಿನ ಮರದ ಸೊಂಟಕ್ಕೆ ಯಾರೋ ರಿಬ್ಬನ್ನು ಬಿಗಿದು ಹೋಗಿದ್ದರು.

“ಇವತ್ತು ಅದನ್ನ ಕಡೀತಾರಂತೆ,” ಎಂದ ಗಂಡ ಬಾಲಸುಬ್ರಹ್ಮಣ್ಯ, ನೋಟಿಸು ಓದುತ್ತ. “ಕ್ಲಬ್ ರೆಸ್ಟೋರೆಂಟಿಂದ ಬೆಟ್ಟ ಕಾಣಲ್ವಂತೆ. ವ್ಯೂ ಓಪನ್ ಮಾಡ್ತಾರೆ.”

“ಬೆಟ್ಟ ನೋಡೋರು ಬೆಟ್ಟಕ್ಕೆ ಹೋಗ್ಲಿ! ಚೆಂಡು ಹೊಡ್ಯೋಕೆ ಬಂದೋರಿಗೆ ಬೆಟ್ಟ ಯಾಕ್ರೀ? ಈ ಊರಲ್ಲಿ ನಾನು ಬಾಯಿ ತುಂಬಾ ಮಾತಾಡೋದು ಈ ಹನ್ನೆರಡು ಮರಗಳ ಹತ್ರ ಮಾತ್ರ. ಒಂದನ್ನೂ ಬಿಟ್ಟುಕೊಡಲ್ಲ!”

“ಅವರ ಜಾಗ, ಅವರ ಮರ. ಪ್ಲೀಸ್ ವೇದಾ, ರಂಪ ಮಾಡ್ಬೇಡ,” ಎಂದವನೇ ಅವನು ಸೈಕಲ್ಲು ಹತ್ತಿ ಪರಾರಿಯಾದ.

ವೇದವಲ್ಲಿ ಹಲ್ಲು ಕಡಿದಳು. ನಮ್ಮ ಕಡೆ ಅರಿಶಿನದ ದಾರ ಸುತ್ತಿ ಕುಂಕುಮವಿಟ್ಟ ಮರಕ್ಕೆ ರಸ್ತೆ ಅಗಲಿಸುವ ಇಂಜಿನಿಯರೂ ಕೊಡಲಿ ತಾಗಿಸುವುದಿಲ್ಲ. ಬೇಕಾದರೆ ರಸ್ತೆಯನ್ನೇ ಸುತ್ತು ಹಾಕಿಸುತ್ತಾನೆ. ದೇವರಮನೆಯ ಡಬ್ಬಿ ಹಿಡಿದು, ಬೇಲಿಯ ಸಂದಿಯಲ್ಲಿ ನುಸುಳಿ, ರಿಬ್ಬನ್ನು ಕಿತ್ತೆಸೆದು ದಾರ ಸುತ್ತಿದಳು. ಬುಡದಲ್ಲೊಂದು ಕಲ್ಲು ನಿಲ್ಲಿಸಿ ಕುಂಕುಮ ಮೆತ್ತಿದಳು.

ನಾಯಿ ಅಡ್ಡಾಡಿಸುತ್ತಿದ್ದ ಪಕ್ಕದ ಮನೆಯ ಓಗಾವಾ-ಸಾನ್ ಬೇಲಿಯಾಚೆ ನಿಂತು ಇಂಗ್ಲಿಷಿನಲ್ಲಿ ಕೇಳಿದಳು, “ಏನಿದು?”

“ದೇವರು.”

“ಯಾವ ದೇವರು?”

“ಸಿಟ್ಟಿನ ದೇವರು! ಈ ಮರ ಕಡಿದವರ ಚೆಂಡು ಜನ್ಮದಲ್ಲಿ ಗುಳಿಗೆ ಬೀಳಲ್ಲ.”

ಓಗಾವಾ-ಸಾನ್ ನಾಯಿಯನ್ನೂ ಎಳೆದುಕೊಂಡು ಕ್ಲಬ್ಬಿಗೆ ಓಡಿದಳು. ಒಂಬತ್ತರ ಹೊತ್ತಿಗೆ ಗಾಲ್ಫಿನ ಮುದುಕರು ಮರದ ಮುಂದೆ ಸಾಲಾಗಿ ನಿಂತು, ತಮ್ಮ ಗುಡಿಗಳ ಪದ್ಧತಿಯಂತೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ ಬೇಡಿಕೊಳ್ಳುತ್ತಿದ್ದರು. ಮ್ಯಾನೇಜರ್ ಕುರಿಹಾರಾ-ಸಾನ್ ಖುದ್ದಾಗಿ ವೇದವಲ್ಲಿಯ ಬಾಗಿಲಿಗೆ ಬಂದು, ಮಡಿಸುವ ಕುರ್ಚಿಯಂತೆ ಸೊಂಟ ಮಡಿಸಿದ. ಓಗಾವಾ-ಸಾನ್ ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು:

“ಸುಮಿಮಾಸೆನ್, ಕ್ಷಮಿಸಿ! ದೇವರ ಮರವೆಂದು ನಮಗೆ ಗೊತ್ತಿರಲಿಲ್ಲ. ಅದರ ಒಂದು ಎಲೆಯನ್ನೂ ಮುಟ್ಟುವುದಿಲ್ಲ.”

ವೇದವಲ್ಲಿಯ ಸಿಟ್ಟು ಕುಕ್ಕರಿನ ಸೀಟಿಯಂತೆ ಬುಸ್ಸೆಂದು ಇಳಿಯಿತು. ಗೆದ್ದ ಖುಷಿಗೆ ಹೋಳಿಗೆಯೇ ಆಗಬೇಕೆಂದು, ಬೇಳೆ ಬೆಲ್ಲ ತರಲು ರೈಲು ಹಿಡಿದು ಉರಯಾಸುವಿನ ಗೆಳತಿಯ ಮನೆಗೆ ಹೋದಳು.

ಸಂಜೆ ನಾಲ್ಕಕ್ಕೆ ಮರಳಿ ಬಾಲ್ಕನಿಯ ಬಾಗಿಲು ತೆರೆದರೆ ಕಣ್ಣು ಕುಕ್ಕುವ ಬೆಳಕು. ಎಡಕ್ಕೆ ಆರು ಬೊಡ್ಡೆ, ಬಲಕ್ಕೆ ಐದು ಬೊಡ್ಡೆ. ನಡುವೆ ಅವಳ ಮರವೊಂದೇ, ಮದುವೆಮನೆಯಲ್ಲಿ ದಿಬ್ಬಣ ಕಳೆದುಕೊಂಡ ಗಂಡಿನಂತೆ ನಿಂತಿತ್ತು.

ಅವಳು ಚೀಲ ಬಿಸಾಕಿ ಕೆಳಗೋಡಿದಳು. “ಹನ್ನೊಂದು ಮರ ಎಲ್ಲಿ?”

ಮರದ ಬಳಿಯೇ ನಿಂತಿದ್ದ ಕುರಿಹಾರಾ-ಸಾನ್ ಮುಖದ ತುಂಬ ಹೆಮ್ಮೆ. ಪಕ್ಕದಲ್ಲಿದ್ದ ಓಗಾವಾ-ಸಾನ್ ಉತ್ಸಾಹದಿಂದ ತಿರುಗಿಸಿ ಹೇಳಿದಳು: “ರೆಸ್ಟೋರೆಂಟಿನಿಂದ ದೇವರು ಕಾಣುತ್ತಿರಲಿಲ್ಲ. ಬರೀ ಮಾಮೂಲಿ ಮರಗಳು ಅಡ್ಡ! ಎಂಥ ಅಗೌರವ! ಕಡಿಯುವವರು ಹೇಗೂ ಬಂದಿದ್ದರು. ಈಗ ನೋಡಿ, ಎಷ್ಟು ಚೆನ್ನಾಗಿ ದರ್ಶನವಾಗುತ್ತದೆ. ಬೆಟ್ಟದ ಆಸೆಯನ್ನೇ ನಾವು ಬಿಟ್ಟುಬಿಟ್ಟೆವು.”

ವೇದವಲ್ಲಿಗೆ ಇಂಗ್ಲಿಷೂ ಮರೆತುಹೋಯಿತು, ಬರುತ್ತಿದ್ದ ಚೂರುಪಾರು ಜಪಾನಿಯೂ ಮರೆತುಹೋಯಿತು. ಎರಡೂ ಕೈ ಆಕಾಶಕ್ಕೆತ್ತಿ, ಮೈಯೆಲ್ಲ ನಡುಗಿಸುತ್ತ, ಅಚ್ಚಗನ್ನಡದಲ್ಲಿ ಕಿರುಚಿದಳು: “ನಿಮ್ಮ ವ್ಯೂಗೆ ಬೆಂಕಿ ಬೀಳ! ನಿಮ್ಮ ಕೈ ಸೇದಿಹೋಗ!”

ರೆಸ್ಟೋರೆಂಟಿನ ಗಾಜಿನ ಹಿಂದೆ ಚಹಾಕ್ಕೆ ಕೂತಿದ್ದವರೆಲ್ಲ ತಟ್ಟನೆ ಎದ್ದು ನಿಂತರು. ಭಕ್ತಿಯಿಂದ ಎರಡು ಸಲ ಚಪ್ಪಾಳೆ ತಟ್ಟಿ, ಅವಳ ಕಡೆಗೆ ಆಳವಾಗಿ ಬಾಗಿದರು.

“ನಾಳೆಯೂ ಇದೇ ಹೊತ್ತಿಗೆ ಪೂಜೆ ಇರುತ್ತದೆಯೇ?” ಎಂದು ವಿನಯದಿಂದ ಕೇಳಿದ ಕುರಿಹಾರಾ-ಸಾನ್.